ಅಳಿವೆಯ ಸಂಜೆ, ಹಕ್ಕಿಯ ಹಿಂಡು: ಒಂದು ಫೋಟೊಕ್ಕಾಗಿ ಕಳೆದ ಚಳಿಗಾಲ

ನಮ್ಮ ಕಾಲೇಜಿನ ಗ್ರಂಥಾಲಯದ ಓದುಕೋಣೆಗೆ ಮೂರಡಿ ಅಗಲದ ಒಂದು ಚಿತ್ರ ಕೊನೆಗೂ ಬಂತು. ಮುಳುಗುವ ಸೂರ್ಯನಿಗೆ ಅಡ್ಡಲಾಗಿ ಹಾರುತ್ತಿರುವ ವಲಸೆ ಹಕ್ಕಿಗಳ ಹಿಂಡು, ಕೆಳಗೆ ಉಡುಪಿಯ ಹತ್ತಿರ ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯ ಅಳಿವೆ. ಅಕ್ಟೋಬರಿನಲ್ಲಿ ಶುರುವಾದ ಕೆಲಸ ಮುಗಿದದ್ದು ಫೆಬ್ರವರಿಯ ಕೊನೆಗೆ. ಹೊರಡುವಾಗ ನನಗೆ ಬೇಕಿದ್ದ ಮಾಹಿತಿ ಒಂದೇ ಕಡೆ ಎಲ್ಲೂ ಸಿಗಲಿಲ್ಲ. ಕ್ಯಾಮೆರಾದ ಬಗ್ಗೆ ಹೇಳುವವರು ಬೇಕಾದಷ್ಟಿದ್ದರು. ನಮ್ಮ ಕಡಲಿನ ಭರತ-ಇಳಿತ, ಗಾಳಿ, ಬಾಡಿಗೆ ಲೆನ್ಸಿಗೆ ಬೇಕಾಗುವ ಕಾಗದ, ಪ್ರಿಂಟಿನ ರಗಳೆ ಇವನ್ನೆಲ್ಲ ಒಬ್ಬೊಬ್ಬರಿಂದ ಕೇಳಿ, ಕಾದು, ತಿಳಿದುಕೊಳ್ಳಬೇಕಾಯಿತು. ಮುಂದಿನ ಚಳಿಗಾಲದಲ್ಲಿ ಹೊರಡುವವರಿಗೆ ಇದು ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಾನು ಅದೇ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಓದುಕೋಣೆಯ ಗೋಡೆಯಲ್ಲಿ ಎಷ್ಟೋ ವರ್ಷದಿಂದ ಯಾವುದೋ ಹಿಮಪರ್ವತದ ಚಿತ್ರವಿತ್ತು. ಮಳೆಗಾಲದ ತೇವಕ್ಕೆ ಅದು ಪೂರ್ತಿ ಹಾಳಾದಾಗ, ಆ ಜಾಗಕ್ಕೆ ನಮ್ಮದೇ ಊರಿನ ಹಕ್ಕಿಗಳ ಚಿತ್ರ ಹಾಕೋಣ, ಫೋಟೊ ನಾನು ತೆಗೆದುಕೊಡುತ್ತೇನೆ ಅಂತ ಕೇಳಿಕೊಂಡೆ. ಪ್ರಾಂಶುಪಾಲರು ಒಪ್ಪಿದರು. ಪ್ರಿಂಟಿನ ಮತ್ತು ಫ್ರೇಮಿನ ಖರ್ಚು ಕಾಲೇಜಿನದು, ಮೂರು ಕೊಟೇಶನ್ ಕೊಡಬೇಕು, ಫೆಬ್ರವರಿಯ ವಾರ್ಷಿಕೋತ್ಸವದ ಹೊತ್ತಿಗೆ ಗೋಡೆಯಲ್ಲಿರಬೇಕು ಎಂಬುದು ಅವರ ಷರತ್ತು.

ಮೊದಲು ಹಕ್ಕಿಗಳ ವಿಷಯ. ಸಂಜೆ ಹೊಳೆಯ ಮೇಲೆ ಸಾಲುಗಟ್ಟಿ ಹೋಗುವ ಹಕ್ಕಿಗಳೆಲ್ಲ ವಲಸೆ ಬಂದವು ಅಂತ ತುಂಬಾ ಜನ ತಿಳಿದಿದ್ದಾರೆ. ಕಲ್ಯಾಣಪುರ, ಕೆಮ್ಮಣ್ಣಿನ ಕಡೆ ಆರು ಗಂಟೆಯ ಹೊತ್ತಿಗೆ ಕಾಣುವ ಆ ಸಾಲುಗಳಲ್ಲಿ ಹೆಚ್ಚಿನವು ಬೆಳ್ಳಕ್ಕಿ, ನೀರುಕಾಗೆಗಳು. ವರ್ಷವಿಡೀ ಇಲ್ಲೇ ಇದ್ದು ರಾತ್ರಿ ಕುದ್ರುಗಳ, ಅಂದರೆ ಹೊಳೆಯ ನಡುಗಡ್ಡೆಗಳ, ಮರಕ್ಕೆ ಮರಳುವವು. ಅವೂ ಚಂದವೇ, ಆದರೆ ನನಗೆ ಬೇಕಿದ್ದದ್ದು ದೂರದಿಂದ ಬಂದವು. ನಮ್ಮ ಮರಳ ದಂಡೆಗೆ ಆಗಸ್ಟ್ ಕೊನೆಯಿಂದಲೇ ಸ್ಯಾಂಡ್ ಪ್ಲವರ್ ಎಂಬ ಸಣ್ಣ ಸಣ್ಣ ದಂಡೆಹಕ್ಕಿಗಳು ಬರತೊಡಗುತ್ತವೆ. ಆಮೇಲೆ ಕೆಂಟಿಶ್ ಪ್ಲವರ್, ಸ್ಯಾಂಡರ್‌ಲಿಂಗ್, ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂ, ಟರ್ನ್, ಗಲ್ ಎಂಬ ಹಲವು ಬಗೆಯ ಕಡಲಹಕ್ಕಿಗಳು. ಕಂದುತಲೆಯ ಗಲ್ ಮರಿ ಮಾಡುವುದು ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ. ಹ್ಯೂಗ್ಲಿನ್ಸ್ ಗಲ್ ಬರುವುದು ರಷ್ಯಾದ ಉತ್ತರದ ತುದಿಯಿಂದ. ಸ್ಯಾಂಡ್ ಪ್ಲವರ್‌ನ ತೂಕ ಅರುವತ್ತು-ಎಪ್ಪತ್ತು ಗ್ರಾಂ, ಅಷ್ಟೇ. ಟಿಬೆಟ್ ಪ್ರಸ್ಥಭೂಮಿಯ ಕಡೆಯಿಂದ ಹಿಮಾಲಯ ದಾಟಿ ನಮ್ಮ ಹೊಯ್ಗೆಗೆ ಬಂದಿಳಿದು ಏಡಿ, ಹುಳ ಹೆಕ್ಕಿ ತಿಂದು ಮತ್ತೆ ಮೈಗೂಡಿಸಿಕೊಳ್ಳುತ್ತದೆ. ಕೈಯಲ್ಲಿ ಕ್ಯಾಮೆರಾ ಹಿಡಿಯುವ ಮೊದಲು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಿ. ಎಲ್ಲಿ ಕೂರಬೇಕು, ಎಷ್ಟು ಹತ್ತಿರ ಹೋಗಬೇಕು ಎಂಬ ಪ್ರಶ್ನೆಗೆಲ್ಲ ಉತ್ತರ ಅದರಲ್ಲೇ ಇದೆ.

ಜಾಗ ಹುಡುಕುವುದರಲ್ಲೇ ಅಕ್ಟೋಬರ್ ಕಳೆಯಿತು. ಮಲ್ಪೆಯಲ್ಲಿ ಗಲ್‌ಗಳಿಗೆ ಬರವಿಲ್ಲ. ಬೋಟುಗಳು ಬಂದರಿಗೆ ಮರಳುವಾಗ ಹಿಂದೆಯೇ ಬರುತ್ತವೆ. ಪಡುಕೆರೆಯ ಕಡೆ ದಂಡೆಯಲ್ಲಿ ನಿಂತು ಕೈಯಿಂದ ಕೈರಂಪಣಿ ಬಲೆ ಎಳೆಯುವ ದಿನ ಬೂತಾಯಿ ಮೀನಿನ ಆಸೆಗೆ ತಲೆಯ ಮೇಲೆಯೇ ಮುತ್ತುತ್ತವೆ. ಆದರೆ ಬಂದರಿನ ಕಡೆ ಯಾವ ಚೌಕಟ್ಟು ಹಿಡಿದರೂ ಬೋಟಿನ ಕಂಬ, ಹಗ್ಗ, ವಿದ್ಯುತ್ ತಂತಿ ಒಳಗೆ ಬರುತ್ತವೆ. ಕಾಪುವಿನಲ್ಲಿ 1901ರ ದೀಪಸ್ತಂಭವಿದೆ, ಬಂಡೆಗಳಿವೆ, ಸೂರ್ಯಾಸ್ತದ ಹೊತ್ತಿಗೆ ಜನವೂ ಹಾಗೇ ಸೇರುತ್ತಾರೆ, ಹಿಂಡು ನೆಲಕ್ಕಿಳಿಯುವುದಿಲ್ಲ. ಶಾಂಭವಿ-ನಂದಿನಿ ನದಿಗಳು ಸೇರುವ ಸಸಿಹಿತ್ಲಿನ ಅಳಿವೆ ಬಹಳ ಒಳ್ಳೆಯ ಜಾಗ. ಮಂಗಳೂರಿನ ಕಡೆಯವರಿಗೆ ನಾನು ಅದನ್ನೇ ಹೇಳುವುದು. ಕೆಲಸ ಮುಗಿಸಿ ಉಡುಪಿಯಿಂದ ಅಷ್ಟು ದೂರ ಹೋಗುವಷ್ಟರಲ್ಲಿ ಬೆಳಕು ಉಳಿಯುವುದಿಲ್ಲ ಎಂಬುದೊಂದೇ ನನ್ನ ತೊಂದರೆ. ಪಣಂಬೂರು, ತಣ್ಣೀರುಬಾವಿಯ ಆಸುಪಾಸಿನಲ್ಲಿ ನವಮಂಗಳೂರು ಬಂದರು ಹತ್ತಿರವಿರುವುದರಿಂದ ಉದ್ದ ಲೆನ್ಸ್ ಹಿಡಿದವರನ್ನು ಭದ್ರತೆಯವರು ವಿಚಾರಿಸುವುದು ಸಹಜ. ಬಂದರಿನ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಕೋಡಿ ಬೆಂಗ್ರೆ ಇವೆಲ್ಲಕ್ಕಿಂತ ಬೇರೆ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ತೆಳ್ಳಗೆ ಉತ್ತರಕ್ಕೆ ಚಾಚಿದ ನೆಲ. ತುದಿಗೆ ಹೋದರೆ ಎದುರಿಗೆ ಹಂಗಾರಕಟ್ಟೆ, ನಡುವೆ ಅಳಿವೆಯ ಬಾಗಿಲು. ಇಳಿತದಲ್ಲಿ ಅಲ್ಲಿ ಮರಳ ದಿಬ್ಬಗಳು ಮೇಲೇಳುತ್ತವೆ. ಹಕ್ಕಿಗೆ ಬೇಕಾದದ್ದು ಅದೇ: ಸುತ್ತ ನೀರು, ನಾಲ್ಕು ದಿಕ್ಕಿಗೂ ಕಣ್ಣು ಹಾಯುವ ಬಯಲು. ಸಂತೆಕಟ್ಟೆ, ಕೆಮ್ಮಣ್ಣು, ಹೂಡೆಯ ಮೇಲಾಗಿ ಸ್ಕೂಟರಿನಲ್ಲಿ ಮುಕ್ಕಾಲು ಗಂಟೆ ಸಾಕು. ಬಸ್ಸೂ ಇದೆ. ಬಸ್ಸಿನಲ್ಲಿ ಬರುವವರು ರಾತ್ರಿಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕಂಡಕ್ಟರ್ ಹತ್ತಿರ ಕೇಳಿಕೊಂಡೇ ಇಳಿಯಿರಿ.

ಇಷ್ಟರ ನಡುವೆ ಒಂದು ಜೆಟ್ಟಿಯ ಮೇಲೆ ನಿಂತು ಗಲ್‌ಗಳ ಫೋಟೊ ತೆಗೆಯಲು ಅನುಮತಿಗೆಂದು ತಿರುಗಿದ್ದೂ ಆಯಿತು. ಒಂದು ಕಚೇರಿಯಲ್ಲಿ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪತ್ರ ತನ್ನಿ ಅಂದರು. ಪತ್ರ ಒಯ್ದರೆ ಕ್ಯಾಮೆರಾದ ಸೀರಿಯಲ್ ನಂಬರ್ ಬೇಕು ಅಂದರು. ಅದನ್ನೂ ಬರೆದು ಕೊಟ್ಟರೆ, ಇದು ನಮಗೆ ಸೇರಿದ್ದಲ್ಲ, ಇನ್ನೊಂದು ಕಚೇರಿಗೆ ಹೋಗಿ ಅಂದರು. ದೀಪಾವಳಿ ರಜೆ ನಡುವೆ ಬಂತು. ಕಾದು ಕಾದು ಮನಸ್ಸು ಸೋತಿತು, ಜೆಟ್ಟಿಯ ಯೋಚನೆ ಕೈಬಿಟ್ಟೆ. ಆದರೆ ಆ ಪತ್ರ ವ್ಯರ್ಥವಾಗಲಿಲ್ಲ. ಬೆಂಗ್ರೆಯ ದಂಡೆಯಲ್ಲಿ ಗಸ್ತಿಗೆ ಬಂದವರು ವಿಚಾರಿಸಿದಾಗ ಗುರುತಿನ ಚೀಟಿಯ ಜೊತೆ ಅದನ್ನು ತೋರಿಸಿದೆ. ಎರಡು ಮಾತು ಕೇಳಿ, ಕತ್ತಲಾಗುವ ಮೊದಲು ಹೊರಡಿ ಅಮ್ಮ ಅಂತ ಹೇಳಿ ಹೋದರು. ಸಾರ್ವಜನಿಕ ಕಡಲತೀರದಲ್ಲಿ ಹಕ್ಕಿಯ ಫೋಟೊಕ್ಕೆ ನನ್ನ ಹತ್ತಿರ ಯಾರೂ ಅನುಮತಿಪತ್ರ ಕೇಳಲಿಲ್ಲ. ಅಭಯಾರಣ್ಯದ ಮಾತು ಬೇರೆ, ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಆದರೂ ಉದ್ದ ಲೆನ್ಸಿನ ಜೊತೆ ಆಧಾರ್ ಪ್ರತಿ, ಕೆಲಸದ ಜಾಗದ ಗುರುತಿನ ಚೀಟಿ ಚೀಲದಲ್ಲಿರಲಿ.

ಲೆನ್ಸಿನ ಕಥೆ ಇದಕ್ಕಿಂತ ಉದ್ದದ್ದು. ನನ್ನ ಹತ್ತಿರ ಇದ್ದದ್ದು 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ, 250 ಮಿಲಿಮೀಟರ್ ತನಕ ಹೋಗುವ ಲೆನ್ಸ್. ಮನೆಯ ಆಲ್ಬಮ್ಮಿಗೆ ಅದು ಧಾರಾಳವಾಯಿತು. ಮೂರಡಿಯ ಪ್ರಿಂಟಿಗೆ ಲೆಕ್ಕ ಬೇರೆ. 24 ಮೆಗಾಪಿಕ್ಸೆಲ್ ಅಂದರೆ ಅಡ್ಡಕ್ಕೆ 6000 ಚುಕ್ಕಿ. 36 ಇಂಚಿಗೆ ಹಂಚಿದರೆ ಇಂಚಿಗೆ ಸುಮಾರು 166. ಎರಡು ಮಾರು ದೂರದಿಂದ ನೋಡುವ ಗೋಡೆಚಿತ್ರಕ್ಕೆ ಇದು ಸಾಕು, ಆದರೆ ಕ್ರಾಪ್ ಮಾಡಲು ಏನೂ ಉಳಿಯುವುದಿಲ್ಲ. ಅರ್ಧ ಕತ್ತರಿಸಿದರೆ ಹಕ್ಕಿಯ ರೆಕ್ಕೆಯಂಚು ಮಸುಕಾಗುತ್ತದೆ. ಹಾಗಾದರೆ ಒಂದೋ ಹಕ್ಕಿಗೆ ತೀರಾ ಹತ್ತಿರ ಹೋಗಬೇಕು, ಇಲ್ಲ ಉದ್ದ ಲೆನ್ಸ್ ತರಬೇಕು. ಹತ್ತಿರ ಹೋಗುವುದು ನನಗೆ ಒಪ್ಪಿತವಲ್ಲ.

ಸೂರ್ಯನ ಲೆಕ್ಕವೂ ಇದೇ ಕಡೆಗೆ ಎಳೆಯಿತು. ಕ್ಯಾಮೆರಾದ ಸೆನ್ಸರಿನ ಮೇಲೆ ಸೂರ್ಯಬಿಂಬದ ಅಗಲ, ಲೆನ್ಸಿನ ಮಿಲಿಮೀಟರನ್ನು ಸುಮಾರು 110ರಿಂದ ಭಾಗಿಸಿದಷ್ಟು. 250ರಲ್ಲಿ ಎರಡೂಕಾಲು ಮಿಲಿಮೀಟರ್, ದೊಡ್ಡದೊಂದು ಚುಕ್ಕಿ ಮಾತ್ರ. 600ರಲ್ಲಿ ಐದೂವರೆ ಮಿಲಿಮೀಟರ್. ನನ್ನದರಂಥ ಎಪಿಎಸ್-ಸಿ, ಅಂದರೆ ಸಣ್ಣ ಸೆನ್ಸರಿನ, ಕ್ಯಾಮೆರಾದಲ್ಲಿ ಚೌಕಟ್ಟಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಆ ಬಿಂಬದ ಎದುರಿಗೆ ಹಿಂಡು ಬಂದರೆ ಮಾತ್ರ ನಾನು ಮನಸ್ಸಿನಲ್ಲಿ ಕಂಡ ಚಿತ್ರ ಸಾಧ್ಯ.

150-600ರ ಲೆನ್ಸ್ ಕೊಳ್ಳುವ ಶಕ್ತಿ ನನಗಿಲ್ಲ. ಉಡುಪಿ, ಮಣಿಪಾಲದಲ್ಲಿ ವಿಚಾರಿಸಿದ ಕಡೆ ಬಾಡಿಗೆಗೆ ಇದ್ದವು ಮದುವೆಗೆ ಬೇಕಾಗುವ ಲೆನ್ಸುಗಳು. ಹಕ್ಕಿಯ ಲೆನ್ಸು ಇದ್ದ ಒಂದೆರಡು ಕಡೆ ಡಿಸೆಂಬರ್ ತಿಂಗಳಿಡೀ ಮೊದಲೇ ಬುಕ್ ಆಗಿತ್ತು. ಕಬಿನಿ, ದಾಂಡೇಲಿಗೆ ಹೋಗುವವರು ಆ ರಜೆಯಲ್ಲಿ ಒಯ್ಯುತ್ತಾರಂತೆ. ನನಗೆ ಸಿಕ್ಕಿದ್ದು ಜನವರಿಯ ಎರಡನೇ ವಾರಕ್ಕೆ. ಅದಕ್ಕೆ ಆಧಾರ್, ಇನ್ನೊಂದು ಗುರುತಿನ ಪುರಾವೆ, ವಿಳಾಸಕ್ಕೆ ಕರೆಂಟ್ ಬಿಲ್, ಕೆಲಸದ ಜಾಗದ ಪತ್ರ, ಮೇಲೆ 20,000 ರೂಪಾಯಿ ಠೇವಣಿ. ಬಾಡಿಗೆ ದಿನಕ್ಕೆ 1,200. ವಾರಕ್ಕೆ ತೆಗೆದುಕೊಂಡರೆ ಸ್ವಲ್ಪ ಇಳಿಸುತ್ತಾರೆ, ಕೇಳಬೇಕು. ಲೆನ್ಸ್ ಕೈಗೆ ಬಂದಾಗ ಮಾಡಲೇಬೇಕಾದ ಒಂದು ಕೆಲಸವಿದೆ: ಹಿಂದಿನಿಂದ ಟಾರ್ಚ್ ಬಿಟ್ಟು ಒಳಗಿನ ಗಾಜು ನೋಡಿ. ನನಗೆ ಮೊದಲು ಕೊಟ್ಟದ್ದರಲ್ಲಿ ಜೇಡನ ಬಲೆಯಂತೆ ಫಂಗಸ್ ಹಬ್ಬಿತ್ತು. ನಮ್ಮ ಕರಾವಳಿಯ ತೇವಕ್ಕೆ ಇದು ಸಾಮಾನ್ಯ. ಸೂರ್ಯನಿಗೆ ಎದುರಾಗಿ ಹಿಡಿದಾಗ ಆ ಫಂಗಸ್ಸೇ ಚಿತ್ರವಿಡೀ ಮಂಜು ಕವಿಸುತ್ತದೆ. ಬೇರೆ ಲೆನ್ಸ್ ತರಿಸಿಕೊಡುವ ತನಕ ಮತ್ತೆ ಕಾಯಬೇಕಾಯಿತು. ಕೈಗೆ ತೆಗೆದುಕೊಳ್ಳುವಾಗಲೂ ತಿರುಗಿ ಒಪ್ಪಿಸುವಾಗಲೂ ಲೆನ್ಸಿನ ವಿಡಿಯೊ ಮಾಡಿಕೊಳ್ಳಿ, ಠೇವಣಿ ವಾಪಸು ಬರುವುದು ಅದರ ಬಲದಲ್ಲೇ.

ನವೆಂಬರ್ ಪೂರ್ತಿ ಮೋಡ. ಹಿಂಗಾರು ಮಳೆಯ ಮೋಡ ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಎದ್ದು ಬಂದು ಪಡುವಣ ದಿಗಂತ ಮುಚ್ಚುತ್ತಿತ್ತು. ಲೆನ್ಸ್ ಇಲ್ಲದ ಆ ದಿನಗಳಲ್ಲಿ ದುರ್ಬೀನು ಮಾತ್ರ ಒಯ್ಯುತ್ತಿದ್ದೆ. ನೋಡುತ್ತಾ ಕೂರುವುದೇ ಕೆಲಸ. ಈಗ ಯೋಚಿಸಿದರೆ ಫೋಟೊ ದಕ್ಕಿದ್ದು ಆ ದಿನಗಳಿಂದ. ದಂಡೆಯ ಹತ್ತಿರ ಮೀನು ಒಣಗಿಸುವ ಒಬ್ಬ ಅಜ್ಜಿ ಸ್ಕೂಟರ್ ತಮ್ಮ ಅಂಗಳದಲ್ಲಿ ಇಡಿಸಿಕೊಂಡರು. ಹೆಣ್ಣುಮಗಳು ಒಬ್ಬಳೇ ಕತ್ತಲೆಯ ತನಕ ದಂಡೆಯಲ್ಲಿ ಕೂರುವುದು ಅವರಿಗೆ ಮೊದಮೊದಲು ಸರಿಕಾಣಲಿಲ್ಲ. ಆಮೇಲಾಮೇಲೆ ಏಳು ಗಂಟೆಗೆ ನಾನು ಅಂಗಳಕ್ಕೆ ಬಂದು ಮುಟ್ಟದಿದ್ದರೆ ಮೊಮ್ಮಗನನ್ನು ಟಾರ್ಚ್ ಕೊಟ್ಟು ಕಳಿಸುತ್ತಿದ್ದರು. ಅವರ ಚಾಯದ ಋಣ ನನ್ನ ಮೇಲಿದೆ. ಒಬ್ಬರೇ ಹೋಗುವವರು ಹತ್ತಿರದ ಒಂದು ಮನೆಯ ಪರಿಚಯ ಮಾಡಿಕೊಳ್ಳಿ, ತಲೆಗೆ ಕಟ್ಟುವ ದೀಪ ಒಯ್ಯಿರಿ.

ಭರತದ ಗುಟ್ಟು ಹೇಳಿದ್ದು ಅದೇ ಮನೆಯ ಎದುರು ಬಲೆ ಹೆಣೆಯುತ್ತಿದ್ದ ಒಬ್ಬ ಹಿರಿಯರು. ಸಂಜೆ ಹಕ್ಕಿ ಹತ್ತಿರ ಬರುವುದು ಯಾವಾಗ ಅಂತ ಕೇಳಿದೆ. "ಅಷ್ಟಮಿಯ ಹೊತ್ತಿಗೆ ಬನ್ನಿ" ಅಂದರು. ಮನೆಗೆ ಹೋಗಿ ಭರತ-ಇಳಿತದ ಪಟ್ಟಿ ತೆಗೆದು ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದೆ. ನಮ್ಮ ಕಡೆ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ ನಡುಹಗಲಿನ ಹತ್ತಿರಕ್ಕೆ ಬರುತ್ತದೆ, ಸಂಜೆಗೆ ನೀರು ಇಳಿದು ದಿಬ್ಬಗಳು ದೂರ ದೂರಕ್ಕೆ ಹರಡಿಕೊಳ್ಳುತ್ತವೆ. ಹಕ್ಕಿಗಳೂ ಅಷ್ಟೇ ಹರಡಿಹೋಗುತ್ತವೆ. ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ತಡವಾಗುತ್ತಾ ಹೋಗಿ, ಅಷ್ಟಮಿಯ ಹೊತ್ತಿಗೆ ಭರತವೇ ಸಂಜೆಗೆ ಬರುತ್ತದೆ. ಅಷ್ಟಮಿಯ ಭರತ ಸಣ್ಣದು. ದಿಬ್ಬವನ್ನು ಪೂರ್ತಿ ಮುಳುಗಿಸಿ ಹಕ್ಕಿಗಳನ್ನು ಓಡಿಸುವುದಿಲ್ಲ. ನಿಧಾನವಾಗಿ ಅಂಚು ಕರಗಿಸುತ್ತಾ ಅವನ್ನು ಒಂದೇ ಕಡೆಗೆ ಒತ್ತುತ್ತದೆ. ನೀರು ಏರುವ ಮೊದಲೇ ಹೋಗಿ ಮೇಲಿನ ಮರಳಲ್ಲಿ ಅಲುಗಾಡದೆ ಕೂತರೆ, ಹಕ್ಕಿಗಳು ತಾವಾಗಿ ನಡೆದುಕೊಂಡು ನಮ್ಮ ಕಡೆಗೆ ಬರುತ್ತವೆ. ಹತ್ತಿರ ಹೋಗುವ ಪ್ರಶ್ನೆಯೇ ಇಲ್ಲ. ಈ ಒಂದು ವಿಷಯಕ್ಕಾಗಿಯೇ ನಾನು ಇಷ್ಟುದ್ದ ಬರೆಯುತ್ತಿರುವುದು ಅಂದರೂ ಸರಿ. ಪಟ್ಟಿಯಲ್ಲಿ ಕೊಡುವ ವೇಳೆ ಬಂದರಿನದು. ಅಳಿವೆಯ ಒಳಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಒಂದೆರಡು ಸಂಜೆ ಕೋಲು ನೆಟ್ಟು ನೋಡಿಕೊಳ್ಳಿ.

ಗಾಳಿಯದ್ದು ಇನ್ನೊಂದು ಲೆಕ್ಕ. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಚಳಿಗಾಲದಲ್ಲಿ ನಮ್ಮ ದಂಡೆಗೆ ಮಧ್ಯಾಹ್ನದ ಮೇಲೆ ಬೀಸುವ ಕಡಲಗಾಳಿ ಹೆಚ್ಚಾಗಿ ವಾಯವ್ಯದಿಂದ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮದಲ್ಲಲ್ಲ, ನೈಋತ್ಯಕ್ಕೆ ಸರಿದು. ಎರಡನ್ನೂ ಕೂಡಿಸಿ ನೋಡಿದರೆ, ಸೂರ್ಯನಿಗೆ ಮುಖ ಮಾಡಿ ಕೂತವರ ಎದುರು ಹಿಂಡು ಎಡದಿಂದ ಬಲಕ್ಕೆ ಅಡ್ಡ ಹಾಯುತ್ತದೆ. ರೆಕ್ಕೆ, ಕೊಕ್ಕು, ಬಾಲ ಎಲ್ಲ ಬಿಡಿಬಿಡಿಯಾಗಿ ಕಾಣುವ ಕೋನ ಅದು. ಮಾರ್ಚಿನ ಹೊತ್ತಿಗೆ ಸೂರ್ಯ ಪಶ್ಚಿಮಕ್ಕೆ ಬಂದಿರುತ್ತಾನೆ. ಆಗ ಹಿಂಡು ನಮಗೆ ಬಾಲ ತೋರಿಸಿ ಓರೆಯಾಗಿ ದೂರ ಹೋಗುತ್ತದೆ. ಜನವರಿಗೆ ಲೆನ್ಸ್ ಸಿಕ್ಕಿದ್ದು ತಡವಾಯಿತೆಂದು ಬೇಸರಪಟ್ಟಿದ್ದೆ, ಈ ಕೋನ ಗೊತ್ತಾದ ಮೇಲೆ ಸಮಾಧಾನವಾಯಿತು.

ಈಗ ಮನಸ್ಸಿಗೆ ತುಂಬಾ ನೋವಾದ ವಿಷಯ. ಡಿಸೆಂಬರ್ ಕೊನೆಯ ರಜೆಯಲ್ಲಿ ದಂಡೆ ತುಂಬಾ ಜನ. ಬರಲಿ, ಕಡಲು ಎಲ್ಲರದ್ದು. ಆದರೆ ರೀಲ್ಸ್‌ಗಾಗಿ ಒಬ್ಬರು ಹಿಂಡಿನ ಒಳಗೆ ಓಡುವುದು, ಇನ್ನೊಬ್ಬರು ಫೋನಿನಲ್ಲಿ ಹಿಡಿಯುವುದು ನಡೆದೇ ಇತ್ತು. ಹಕ್ಕಿಗಳು ಎದ್ದು ಒಂದು ಸುತ್ತು ಹೊಡೆದು ಇಳಿಯುತ್ತವೆ, ಮತ್ತೆ ಓಡುತ್ತಾರೆ. ಕ್ಯಾಮೆರಾ ಹಿಡಿದವರಲ್ಲೂ ಚಪ್ಪಾಳೆ ತಟ್ಟಿ ಎಬ್ಬಿಸುವವರನ್ನು ಕಂಡೆ. ಬೈಕು ಮರಳಿಗಿಳಿಸಿದವರಿದ್ದರು, ಮದುವೆಗೆ ಮುಂಚಿನ ಫೋಟೊಕ್ಕೆ ಬಣ್ಣದ ಹೊಗೆ ಹಚ್ಚಿದವರಿದ್ದರು. ಒಂದೊಂದು ಸಲ ಏಳುವುದಕ್ಕೂ ಆ ಜೀವ ತಿಂದು ಕೂಡಿಟ್ಟ ಕೊಬ್ಬು ಕರಗುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಹಿಂದಿರುಗುವ ಪ್ರಯಾಣಕ್ಕೆ ಅದೇ ಬುತ್ತಿ. ಇಳಿತದಲ್ಲಿ ಮೇಯುವ ಹೊತ್ತು ಮೊದಲೇ ಕಡಿಮೆ, ಭರತದ ಹೊತ್ತು ವಿಶ್ರಾಂತಿಗೆ. ಎರಡನ್ನೂ ಕಿತ್ತುಕೊಂಡರೆ ಅವು ಆ ದಿಬ್ಬವನ್ನೇ ಬಿಟ್ಟುಹೋಗುತ್ತವೆ.

ನಾನು ಹೋಗಿ ಮಾತಾಡಿದೆ. ಜಗಳಕ್ಕೆ ನಿಲ್ಲಲಿಲ್ಲ, ದುರ್ಬೀನು ಕೈಗೆ ಕೊಟ್ಟು ಒಂದು ಪ್ಲವರ್ ತೋರಿಸಿ, ಇದು ಎಲ್ಲಿಂದ ಬಂದದ್ದು ಅಂತ ಹೇಳಿದೆ. ಕೇಳಿದವರಲ್ಲಿ ಹೆಚ್ಚಿನವರು ಓಡುವುದನ್ನು ನಿಲ್ಲಿಸಿದರು. ಒಂದಿಬ್ಬರು ಹುಡುಗರು ನನ್ನ ಪಕ್ಕದಲ್ಲೇ ಮರಳಲ್ಲಿ ಕೂತು ಕತ್ತಲಾಗುವ ತನಕ ನೋಡಿದರು. ಕೇಳದೆ ಹೋದವರೂ ಇದ್ದರು. ಆ ಸಂಜೆಗಳಲ್ಲಿ ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ. ಹೆದರಿ ಹಾರಿದ ಹಿಂಡಿನ ಚಿತ್ರ ಓದುಕೋಣೆಯಲ್ಲಿ ತೂಗಹಾಕುವುದು ನನ್ನಿಂದಾಗದು. ನೀವು ಹೋದಾಗ ಗಮನಿಸಿ: ಮೇಯುತ್ತಿದ್ದ ಹಕ್ಕಿ ತಲೆಯೆತ್ತಿ ನಿಂತರೆ ಅಲ್ಲೇ ನಿಲ್ಲಿ. ಒಟ್ಟಾಗಿ ಒಂದೇ ದಿಕ್ಕಿಗೆ ನಡೆಯತೊಡಗಿದರೆ ಹಿಂದೆ ಬನ್ನಿ. ಡ್ರೋನ್ ಬೇಡವೇ ಬೇಡ. ಮೇಲಿನಿಂದ ಬರುವುದೆಲ್ಲ ಅವಕ್ಕೆ ಗಿಡುಗನೇ.

ಕ್ಯಾಮೆರಾದ ಸೆಟ್ಟಿಂಗ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸಣ್ಣ ಪ್ಲವರ್‌ಗಳ ರೆಕ್ಕೆ ಬಡಿತ ಬಹಳ ವೇಗ, ಶಟರ್ ವೇಗ 1/2000 ಸೆಕೆಂಡಿಗಿಂತ ನಿಧಾನವಾದರೆ ರೆಕ್ಕೆಯ ಅಂಚು ಸ್ಪಷ್ಟವಾಗಿ ನಿಲ್ಲುವುದಿಲ್ಲ. ಗಲ್‌ಗಳಿಗೆ 1/1000 ಸಾಕು. ಬೆಳಕನ್ನು ಸೂರ್ಯನ ಪಕ್ಕದ ಆಕಾಶಕ್ಕೆ ಅಳೆದು, ಮ್ಯಾನುಯಲ್‌ನಲ್ಲಿ ಕಟ್ಟಿಹಾಕಿ. ಕ್ಯಾಮೆರಾದ ಪಾಡಿಗೆ ಬಿಟ್ಟರೆ ಸೂರ್ಯ ಚೌಕಟ್ಟಿನ ಒಳಹೊರಗೆ ಆದಂತೆ ಎಲ್ಲ ಚಿತ್ರಗಳ ಬೆಳಕೂ ಏರುಪೇರಾಗುತ್ತದೆ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಸಂಜೆಯ ಕೆಂಪನ್ನೇ ತೊಳೆದುಬಿಡುತ್ತದೆ, ಡೇಲೈಟಿಗೆ ಇಡಿ, ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಸೂರ್ಯ ನೇರ ಎದುರಿಗಿದ್ದಾಗ ಫೋಕಸ್ ಅಲೆದಾಡುತ್ತದೆ. ಹಿಂಡು ಬಿಂಬದ ಹತ್ತಿರ ಬರುವ ಮೊದಲೇ ಹಿಡಿದುಕೊಂಡು ಜೊತೆಗೇ ತಿರುಗಬೇಕು. ಹಿಂಡಿನ ದಾರಿ ಗೊತ್ತಿದ್ದರೆ ಮಾತ್ರ ಇದು ಸಾಧ್ಯ, ಅದಕ್ಕೇ ಗಾಳಿಯ ಮಾತು ಅಷ್ಟು ಹೇಳಿದ್ದು. ಗಾಜಿನ ವ್ಯೂಫೈಂಡರ್ ಇರುವ ಕ್ಯಾಮೆರಾದಲ್ಲಿ ಬಿಸಿಲು ಚುರುಕಾಗಿರುವಾಗ ಸೂರ್ಯನತ್ತ ನೋಡಲೇಬೇಡಿ, ಕಣ್ಣು ಹೋದೀತು. ಜನವರಿಯಲ್ಲಿ ದಿಗಂತದ ಮೇಲೆ ದೂಳು-ಮಂಜಿನ ಒಂದು ಪಟ್ಟಿ ಇರುತ್ತದೆ. ಅದರೊಳಗೆ ಇಳಿದ ಸೂರ್ಯ ತಣ್ಣಗೆ ಕೆಂಪಾಗುತ್ತಾನೆ, ಕಡಲು ಮುಟ್ಟುವ ಮೊದಲೇ ಮಾಯವಾಗುವುದೂ ಉಂಟು. ಸೂರ್ಯಾಸ್ತ 6.20ಕ್ಕೆ ಅಂತ ಫೋನ್ ಹೇಳಿದರೆ ನಿಮ್ಮ ಕೆಲಸ 6.12ಕ್ಕೇ ಮುಗಿದಿರಬಹುದು.

ಲೆನ್ಸ್ ಕೈಯಲ್ಲಿದ್ದ ವಾರದಲ್ಲಿ ಅಷ್ಟಮಿ ಬರುವಂತೆ ಮೊದಲೇ ದಿನ ಹಿಡಿದಿದ್ದೆ. ಮೊದಲ ಸಂಜೆಗಳಲ್ಲಿ ನಾಯಿಗಳು ಬಂದವು, ಒಮ್ಮೆ ಗಾಳಿಯೇ ಬೀಸಲಿಲ್ಲ. ಲೆನ್ಸಿನ ತೂಕಕ್ಕೆ ತೋಳು ಊದಿತ್ತು. ಬಾಡಿಗೆಯ ಲೆಕ್ಕ ತಲೆಯೊಳಗೆ ಓಡುತ್ತಿದ್ದರೆ ಕಣ್ಣು ಸರಿಯಾಗಿ ನೋಡುವುದಿಲ್ಲ ಎಂಬುದೂ ಆಗಲೇ ಗೊತ್ತಾದದ್ದು.

ಅಷ್ಟಮಿ ಕಳೆದ ಮರುದಿನ ಅರ್ಧ ದಿನ ರಜೆ ಹಾಕಿ ನಾಲ್ಕು ಗಂಟೆಗೇ ಹೋಗಿ ಗೋಣಿಚೀಲ ಹಾಸಿ ಕೂತೆ. ನೀರು ಏರತೊಡಗಿತ್ತು. ದಿಬ್ಬದ ಆಚೆ ಅಂಚಿನಲ್ಲಿ ಪ್ಲವರ್‌ಗಳು ಮೇಯುತ್ತಾ, ಒಂದೊಂದೇ ಹೆಜ್ಜೆ ಈಚೆಗೆ ಸರಿಯುತ್ತಿದ್ದವು. ಅವುಗಳ ನಡುವೆ ಕಂದುತಲೆಯ ಗಲ್‌ಗಳು ಒಂದೊಂದಾಗಿ ಬಂದಿಳಿದವು. ಬೋಟುಗಳ ಹಿಂದೆ ಹಗಲಿಡೀ ಸುತ್ತಿ ರಾತ್ರಿಗೆಂದು ದಿಬ್ಬಕ್ಕೆ ಬರುವವು. ಐದೂವರೆಯ ಹೊತ್ತಿಗೆ ಹಿಂಡು ನನ್ನಿಂದ ಎಷ್ಟು ಹತ್ತಿರವಿತ್ತೆಂದರೆ, ಕೊಕ್ಕು ಮರಳಿಗೆ ಚುಚ್ಚುವುದು ಬರಿಗಣ್ಣಿಗೆ ಕಾಣುತ್ತಿತ್ತು. ಕೆಲವು ಒಂಟಿಕಾಲಲ್ಲಿ ನಿಂತು ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ಮಲಗಿದವು. ನನ್ನ ಎದುರು ಅವು ಮಲಗಿದವಲ್ಲ ಅಂತ ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಕೂತದ್ದಕ್ಕೆ ಅಷ್ಟೇ ಸಿಕ್ಕಿದ್ದರೂ ನಾನು ತೃಪ್ತಿಯಿಂದ ಮನೆಗೆ ಹೋಗುತ್ತಿದ್ದೆ.

ಆರು ಗಂಟೆ ದಾಟಿರಬೇಕು. ಎಲ್ಲವೂ ಒಂದೇ ಸಲ ತಲೆಯೆತ್ತಿದವು. ಹಂಗಾರಕಟ್ಟೆಯ ಕಡೆಯಿಂದ ನೀರಿನ ಮೇಲೆ ತೀರಾ ಕೆಳಗೆ, ಹಕ್ಕಿಗಳನ್ನೇ ಬೇಟೆಯಾಡುವ ಪೆರಿಗ್ರಿನ್ ಡೇಗೆಯೊಂದು ಬರುತ್ತಿತ್ತು. ಮುಂದಿನ ಕ್ಷಣ ಇಡೀ ಹಿಂಡು ಗಾಳಿಯಲ್ಲಿ. ಒತ್ತೊತ್ತಾಗಿ ಸೇರಿ ಉಂಡೆಯಾಗಿ ಒಮ್ಮೆಗೇ ತಿರುಗಿದವು, ಹೊಟ್ಟೆಯ ಬಿಳುಪು ಮಿಂಚಿ, ಮತ್ತೆ ತಿರುಗಿದಾಗ ಎಲ್ಲ ಕಪ್ಪು. ರೆಕ್ಕೆಗಳ ಸದ್ದು ಮಳೆ ಬಂದ ಹಾಗೆ ತಲೆಯ ಮೇಲಿನಿಂದ ಹೋಯಿತು. ಆ ಗಳಿಗೆಯ ಚಿತ್ರಗಳೂ ಬಂದಿವೆ. ಆದರೆ ಸೂರ್ಯ ಒಂದು ಕಡೆ, ಹಿಂಡು ಇನ್ನೊಂದು ಕಡೆ. ಡೇಗೆ ಬೇಟೆ ಸಿಗದೆ ದಕ್ಷಿಣಕ್ಕೆ ಹೋಯಿತು. ನಾನು ಕ್ಯಾಮೆರಾ ಇಳಿಸಲಿಲ್ಲ. ಅವು ಅದೇ ದಿಬ್ಬಕ್ಕೆ ಮರಳಬೇಕು, ಮರಳುವುದಾದರೆ ಗಾಳಿಗೆ ಎದುರಾಗಿ, ಅಂದರೆ ಎಡದಿಂದ. ದಕ್ಷಿಣಕ್ಕೆ ದೊಡ್ಡದೊಂದು ಸುತ್ತು ಹಾಕಿ ಹಿಂಡು ಬಂತು. ಭಯದ ಉಂಡೆ ಬಿಚ್ಚಿಕೊಂಡಿತ್ತು, ಉದ್ದಕ್ಕೆ ಹರಡಿ, ಮುಂದೆ ಪ್ಲವರ್‌ಗಳು, ಸ್ವಲ್ಪ ಮೇಲೆ ನಿಧಾನ ರೆಕ್ಕೆಯ ಗಲ್‌ಗಳು. ಬೆಳಕಿಗೆ ಗಲ್‌ಗಳ ರೆಕ್ಕೆ ತೆಳುವಾಗಿ ಒಳಗಿನಿಂದಲೇ ಕೆಂಪಾದಂತೆ ಕಂಡಿತು. ಬಿಂಬದ ಎಡ ಅಂಚಿನಿಂದ ಬಲ ಅಂಚು ದಾಟುವ ತನಕ ಬೆರಳು ಎತ್ತಲಿಲ್ಲ.

ಪರದೆಯಲ್ಲಿ ನೋಡಿಕೊಳ್ಳಲು ಧೈರ್ಯವಾಗಲಿಲ್ಲ. ಅವು ಇಳಿದು ನೆಲೆಗೊಳ್ಳುವ ತನಕ ಕೂತಿದ್ದು, ಹಿಂದಕ್ಕೆ ತೆವಳಿ, ಆಮೇಲೆ ಎದ್ದೆ.

ಅಲ್ಲಿಂದ ಮುಂದಿನದ್ದು ಮನೆಯೊಳಗಿನ ಕೆಲಸ, ಅದಕ್ಕೂ ತಿಂಗಳು ಹಿಡಿಯಿತು. ಮೊದಲು ಉಪ್ಪು. ಕಡಲಿಂದ ಬಂದ ರಾತ್ರಿಯೇ ಮೊದಲು ಬ್ಲೋಅರಿನಿಂದ ಮರಳು ಊದಿ, ಆಮೇಲೆ ತುಸು ಒದ್ದೆ ಬಟ್ಟೆಯಿಂದ ಹೊರಮೈ ಒರೆಸಿ. ಮರಳಿದ್ದಾಗಲೇ ಒರೆಸಿದರೆ ಗಾಜಿಗೆ ಗೀರು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಆಮೇಲೆ ಆಯ್ಕೆ. ಬಿಂಬದ ಎದುರಿನ ಚಿತ್ರಗಳಲ್ಲಿ ಹಕ್ಕಿಗಳು ಒಂದರ ಮೇಲೊಂದು ಬಿದ್ದು ಕಲೆಯಂತಾದವನ್ನೆಲ್ಲ ತೆಗೆದೆ. ಎಲ್ಲ ರೆಕ್ಕೆಯೂ ಬಿಡಿಯಾಗಿ ಕಾಣುವುದೊಂದನ್ನು ಉಳಿಸಿಕೊಂಡೆ. ಅದರಲ್ಲಿ ಸೂರ್ಯ ನಡುವಿನಲ್ಲಿಲ್ಲ, ಹಿಂಡಿನ ಮುಂದಿನ ತುದಿ ಆಗಷ್ಟೇ ಬಿಂಬ ದಾಟಿದೆ. ನನಗೆ ಅದೇ ಸರಿ ಅನ್ನಿಸಿತು.

ಕೊಟೇಶನ್‌ಗಳಲ್ಲಿ ಅಗ್ಗದ್ದಕ್ಕೆ ಒಪ್ಪಿಗೆ ಬಂತು. ಅಲ್ಲಿಂದ ಬಂದ ಮೊದಲ ಪ್ರಿಂಟಿನಲ್ಲಿ ಕಿತ್ತಳೆ ಬಣ್ಣವೆಲ್ಲ ಕೆಸರುಗೆಂಪಾಗಿತ್ತು, ರೆಕ್ಕೆಯೊಳಗಿನ ಬೆಳಕು ಇರಲೇ ಇಲ್ಲ. ಲ್ಯಾಪ್‌ಟಾಪಿನ ಪರದೆ ತನ್ನದೇ ಬೆಳಕಿನಿಂದ ಹೊಳೆಯುತ್ತದೆ, ಕಾಗದ ಹಾಗಲ್ಲ. ಫೈಲನ್ನು ಪ್ರಿಂಟಿಗೆಂದು ಒಂದಿಷ್ಟು ತಿಳಿ ಮಾಡಬೇಕು, ಲ್ಯಾಬ್ ಯಾವ ಬಣ್ಣದ ಪ್ರೊಫೈಲ್ ಬಳಸುತ್ತದೆಂದು ಕೇಳಿ ಅದರಲ್ಲೇ ಕೊಡಬೇಕು. ಎಲ್ಲಕ್ಕಿಂತ ಮೊದಲು 8×12 ಇಂಚಿನ ಒಂದು ಮಾದರಿ ಪ್ರಿಂಟ್ ಹಾಕಿಸಿ ಹಗಲಿನ ಬೆಳಕಿನಲ್ಲಿ ನೋಡಿ. ಲ್ಯಾಬಿನವರು ದೊಡ್ಡದನ್ನು ಮತ್ತೆ ಹಾಕಲು ಅರ್ಧ ದುಡ್ಡು ಕೇಳಿದರು, ಅದನ್ನು ನಾನೇ ಕೊಟ್ಟೆ. ಪ್ರಿಂಟಿಗೆ 2,800, ಫ್ರೇಮಿಗೆ 3,500 ಕಾಲೇಜಿನದು. ಲೆನ್ಸ್ ಬಾಡಿಗೆ, ಪೆಟ್ರೋಲು, ಮರುಪ್ರಿಂಟು ಸೇರಿ ನನ್ನ ಕೈಯಿಂದ ಹತ್ತು ಸಾವಿರದ ಹತ್ತಿರ ಹೋಗಿದೆ. ಫ್ರೇಮಿಗೆ ಹೊಳಪಿನ ಗಾಜು ಬೇಡ, ಎದುರಿನ ಕಿಟಕಿಯೇ ಅದರಲ್ಲಿ ಕಾಣುತ್ತದೆ. ಹಿಂಬದಿಗೆ ಟೇಪ್ ಸುತ್ತಿ ಪೂರ್ತಿ ಮುಚ್ಚಿಸಿ, ಗೋಡೆಗೂ ಫ್ರೇಮಿಗೂ ನಡುವೆ ಬೆರಳಿನಷ್ಟು ಜಾಗ ಬಿಡಿಸಿ. ಜೂನಿನ ತೇವ ಹಿಮಪರ್ವತವನ್ನು ತಿಂದದ್ದು ಹಿಂದಿನಿಂದಲೇ.

ಇನ್ನೊಂದು ಕೆಲಸವನ್ನು ಮರೆಯಬೇಡಿ. ನೀವು ತೆಗೆದ ಚಿತ್ರಗಳನ್ನು ದೊಡ್ಡದು ಮಾಡಿ ಹಕ್ಕಿಗಳ ಕಾಲು ನೋಡಿ. ವಲಸೆಯ ದಾರಿ ತಿಳಿಯಲು ಕೆಲವು ಹಕ್ಕಿಗಳ ಕಾಲಿಗೆ ಬಳೆ ಅಥವಾ ಬಣ್ಣದ ಪಟ್ಟಿ ತೊಡಿಸಿ ಬಿಟ್ಟಿರುತ್ತಾರೆ. ಕಂಡರೆ ಬಣ್ಣ, ಅಕ್ಷರ, ಯಾವ ಕಾಲು, ದಿನ, ಜಾಗ ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಬಹುದು. ನನಗೆ ಈ ಸಲ ಒಂದೂ ಸಿಗಲಿಲ್ಲ. ಕಂಡ ಹಕ್ಕಿಗಳ ಪಟ್ಟಿಯನ್ನು ಪ್ರತಿ ಸಂಜೆ ಹಕ್ಕಿಗಳ ಲೆಕ್ಕ ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದ್ದೇನೆ, ಕ್ಯಾಮೆರಾ ತೆಗೆಯದ ಸಂಜೆಗಳದ್ದೂ. ಬೆಂಗ್ರೆಯ ದಿಬ್ಬದಲ್ಲಿ ಯಾವ ತಿಂಗಳು ಎಷ್ಟು ಹಕ್ಕಿ ಇದ್ದವು ಎಂದು ನಾಳೆ ಯಾರಾದರೂ ಕೇಳಿದರೆ ಆ ಲೆಕ್ಕ ಅಲ್ಲಿರುತ್ತದೆ. ನೀವು ಸಸಿಹಿತ್ಲಿಗೆ ಹೋದರೆ ಅಲ್ಲಿನದನ್ನು ನೀವು ಹಾಕಿ. ಮುಂದಿನ ಚಳಿಗಾಲದ ಲೆನ್ಸಿಗೆ ಸೆಪ್ಟೆಂಬರಿನಲ್ಲೇ ಹೇಳಿಟ್ಟುಕೊಳ್ಳಿ.